ಕೌಂಟಿಯ ವಂಶಾವಳಿ ಸಂಘದಲ್ಲಿ ಸ್ವಯಂಸೇವೆ: ಹೊಸಬರಿಗೊಂದು ಕೈಪಿಡಿ

ಅಮೆರಿಕದ ಅನೇಕ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ) ಸ್ಥಳೀಯ ಕುಟುಂಬಗಳ ದಾಖಲೆಗಳನ್ನು ಕೂಡಿಸಿಡುವ ವಂಶಾವಳಿ ಸಂಘಗಳಿವೆ. ಸದಸ್ಯರ ವಂತಿಗೆ ಮತ್ತು ಸ್ವಯಂಸೇವಕರ ದುಡಿಮೆ ಇವುಗಳ ಬಂಡವಾಳ; ಗ್ರಂಥಾಲಯವೆಂಬುದು ಎಷ್ಟೋ ಕಡೆ ಊರಿನ ಸಾರ್ವಜನಿಕ ಗ್ರಂಥಾಲಯದ ಒಂದು ಕೋಣೆಯಷ್ಟೆ. ಅಲ್ಲಿ ನೆಲೆಸಿರುವ ಕನ್ನಡಿಗರು, ಅದರಲ್ಲೂ ನಿವೃತ್ತರು, ನಮ್ಮ ಹಿರಿಯರ ಹೆಸರೊಂದೂ ಇಲ್ಲದ ಕಡತಗಳಲ್ಲಿ ನಮಗೇನು ಕೆಲಸ ಎಂದು ಹಿಂಜರಿಯುವುದುಂಟು. ನನ್ನ ಅಭಿಪ್ರಾಯದಲ್ಲಿ ಆ ಊರಿನಲ್ಲಿ ಬಂಧುಬಳಗವಿಲ್ಲದಿರುವುದೇ ಒಂದು ಅನುಕೂಲ. ಯಾವ ಮನೆತನ ದೊಡ್ಡದು, ಯಾರ ಅಜ್ಜನ ವಿಷಯ ಎತ್ತಬಾರದು ಎಂಬ ಹಂಗಿಲ್ಲದೆ, ದಾಖಲೆಯಲ್ಲಿ ಇರುವುದನ್ನು ಇದ್ದ ಹಾಗೆ ಓದಬಲ್ಲವರು ಇಂಥ ಸಂಘಗಳಿಗೆ ಬೇಕು.

ಸದಸ್ಯರಾದ ಕೂಡಲೇ ಕೆಲಸ ಕೇಳುವುದಕ್ಕಿಂತ, ಮೊದಲು ಓದುಗರಾಗಿ ಹೋಗಿ ಕುಳಿತುಕೊಳ್ಳುವುದು ಲೇಸು. ಆ ಕೌಂಟಿಯ ಯಾವುದಾದರೂ ಹಳೆಯ ಕುಟುಂಬವನ್ನು ಆರಿಸಿಕೊಂಡು, ಅದರ ಮೂರು ತಲೆಮಾರುಗಳನ್ನು ಅಲ್ಲಿನ ಕಪಾಟುಗಳಿಂದಲೇ ಹುಡುಕಿ ತೆಗೆಯಲು ಪ್ರಯತ್ನಿಸಿ. ಗ್ರಂಥಾಲಯಗಳು ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ವಂಶಾವಳಿಗೆ 929ರ ಸರಣಿ ಮೀಸಲು; ಓಹಿಯೊದಂಥ ರಾಜ್ಯದಲ್ಲಿ ಸ್ಥಳೀಯ ಇತಿಹಾಸದ ಪುಸ್ತಕಗಳು 977.1ರಲ್ಲಿ ಸಿಗುತ್ತವೆ. ಆದರೆ ನಿಜವಾದ ಸಂಪತ್ತು ಇರುವುದು ಪುಸ್ತಕಗಳಲ್ಲಲ್ಲ, ಕುಟುಂಬದ ಹೆಸರಿಗೊಂದರಂತೆ ಪತ್ರ, ಫೋಟೊ, ಪತ್ರಿಕೆಯ ತುಣುಕುಗಳನ್ನು ತುಂಬಿಟ್ಟ ಕಡತಗಳಲ್ಲಿ. ಸಂಘದ ಗ್ರಂಥಾಲಯವು, ವಂಶಾವಳಿಯ ದಾಖಲೆಗಳನ್ನು ಅಂತರ್ಜಾಲದಲ್ಲಿ ಒದಗಿಸುವ ಫ್ಯಾಮಿಲಿಸರ್ಚ್ ಸಂಸ್ಥೆಯ ಸಹಭಾಗಿ ಗ್ರಂಥಾಲಯವೇ ಎಂದೂ ವಿಚಾರಿಸಿ. ಮನೆಯ ಕಂಪ್ಯೂಟರಿನಲ್ಲಿ ತೆರೆಯದ ಕೆಲವು ದಾಖಲೆಗಳ ಚಿತ್ರಗಳನ್ನು ಅಲ್ಲಿ ಕುಳಿತು ನೋಡಬಹುದು.

ವಿಚಾರಣೆಯ ಮೇಜಿನಲ್ಲಿ ಕೂರುವವರಿಗೆ ಜನಗಣತಿಯ ಕೆಲವು ಸಂಗತಿಗಳು ಬಾಯಿಪಾಠವಾಗಿರಬೇಕು. 1790ರಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನರ ಹೆಸರು ಮಾತ್ರ ಇರುತ್ತದೆ. ಸ್ವತಂತ್ರರಾಗಿದ್ದ ಎಲ್ಲರ ಹೆಸರೂ ಬರುವುದು 1850ರಿಂದ. ಯಜಮಾನರಿಗೆ ಯಾರು ಏನಾಗಬೇಕು ಎಂಬ ವಿವರ ಸೇರಿದ್ದು 1880ರಲ್ಲಿ. 1890ರ ಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿ ಅನಾಹುತದ ಪರಿಣಾಮವಾಗಿ ಉಳಿಯಲೇ ಇಲ್ಲ. ವ್ಯಕ್ತಿಗಳ ವಿವರಗಳನ್ನು 72 ವರ್ಷ ಗುಪ್ತವಾಗಿಡುವ ನಿಯಮವಿರುವುದರಿಂದ 1950ರ ಗಣತಿ 2022ರ ಏಪ್ರಿಲ್ 1ರಂದು ಬಹಿರಂಗವಾಯಿತು. ಆಫ್ರಿಕನ್ ಅಮೆರಿಕನ್ ಕುಟುಂಬದವರು ಬಂದಾಗ ಇನ್ನಷ್ಟು ಎಚ್ಚರ ಬೇಕು. ದಾಸ್ಯದಿಂದ ಬಿಡುಗಡೆಯಾದವರ ಹೆಸರುಗಳು ವ್ಯಾಪಕವಾಗಿ ದಾಖಲಾದ ಮೊದಲ ಗಣತಿ 1870ರದ್ದು. ಅದಕ್ಕೂ ಹಿಂದಿನ 1850 ಮತ್ತು 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ದಾಸರ ವಯಸ್ಸು, ಲಿಂಗ, ಬಣ್ಣಗಳಷ್ಟೇ ಸಾಮಾನ್ಯವಾಗಿ ಕಾಣುತ್ತವೆ. ಹೀಗಾಗಿ ಹುಡುಕಾಟ ಒಡೆಯನ ಉಯಿಲು, ಆಸ್ತಿಪಟ್ಟಿ, ಮಾರಾಟದ ಪತ್ರಗಳತ್ತ ತಿರುಗುತ್ತದೆ. ಅದನ್ನು ಹೇಳುವಾಗ ನಾಲಗೆಯ ಮೇಲೆ ಹಿಡಿತವಿರಲಿ, ಎದುರಿಗಿರುವುದು ಅವರ ಮುತ್ತಜ್ಜಿಯ ಬೆಲೆ ಕಟ್ಟಿದ ಕಾಗದವಾಗಿರಬಹುದು.

ಸ್ವಯಂಸೇವಕರ ಹೆಚ್ಚಿನ ಸಮಯ ಹೋಗುವುದು ಸೂಚಿ ತಯಾರಿಕೆಗೆ, ಹೋಗಬೇಕಾದದ್ದೂ ಅಲ್ಲಿಗೇ. ಓಹಿಯೊದಲ್ಲಿ ಜನನ ಮರಣಗಳನ್ನು 1867ರಿಂದ 1908ರವರೆಗೆ ಆಯಾ ಕೌಂಟಿಯ ಪ್ರೊಬೇಟ್ ಕೋರ್ಟು (ಉಯಿಲು, ಸತ್ತವರ ಆಸ್ತಿಯ ವಿಷಯ ನೋಡುವ ನ್ಯಾಯಾಲಯ) ದಾಖಲಿಸುತ್ತಿತ್ತು. ಅದಕ್ಕೂ ಮೊದಲು ಸತ್ತವರನ್ನು ಚರ್ಚಿನ ಪುಸ್ತಕ, ಉಯಿಲು, ಸಮಾಧಿಯ ಕಲ್ಲು, ಪತ್ರಿಕೆಯ ಮರಣವಾರ್ತೆಗಳಲ್ಲಿ ಹುಡುಕಬೇಕು. ಇವುಗಳಲ್ಲಿ ಯಾರ ಹೆಸರು ಯಾವ ಪುಟದಲ್ಲಿದೆ ಎಂದು ಒಬ್ಬರು ಕುಳಿತು ಬರೆದಿಡದಿದ್ದರೆ, ದಾಖಲೆ ಇದ್ದೂ ಇಲ್ಲದಂತೆಯೇ.

ಈ ಕೆಲಸದ ಮೊದಲ ನಿಯಮ, ಕಂಡದ್ದನ್ನು ಕಂಡಂತೆ ಬರೆಯುವುದು. ಒಂದೇ ಮನೆತನದ ಹೆಸರನ್ನು ಗುಮಾಸ್ತ ಒಂದು ಪುಟದಲ್ಲಿ ಶ್ಮಿಟ್ ಎಂದೂ ಮುಂದಿನ ಪುಟದಲ್ಲಿ ಸ್ಮಿತ್ ಎಂದೂ ಬರೆದಿದ್ದರೆ ಎರಡನ್ನೂ ಹಾಗೆಯೇ ಇಳಿಸಿಕೊಳ್ಳಿ. ಇಬ್ಬರೂ ಒಬ್ಬರೇ ಇರಬಹುದೆಂಬ ಊಹೆಯನ್ನು ಚೌಕ ಆವರಣದಲ್ಲಿ ಬೇರೆಯಾಗಿ ನಮೂದಿಸಿ. ಓದಲಾಗದ ಅಕ್ಷರವಿದ್ದ ಕಡೆ ಊಹಿಸಿ ತುಂಬದೆ, ಓದಲಾಗಲಿಲ್ಲ ಎಂದೇ ಗುರುತು ಮಾಡಿ. ಹಳೆಯ ಇಂಗ್ಲಿಷ್ ಕೈಬರಹದಲ್ಲಿ ಎರಡು ‘ಎಸ್’ ಒಟ್ಟಿಗೆ ಬಂದಾಗ ಮೊದಲನೆಯದನ್ನು ‘ಎಫ್’ನಂತೆ ಉದ್ದವಾಗಿ ಬರೆಯುವ ರೂಢಿಯಿತ್ತು, ಹೀಗಾಗಿ ‘ಜೆಸ್ಸಿ’ ಎಂಬವನು ಸೂಚಿಯಲ್ಲಿ ಗುರುತೇ ಸಿಗದ ಹೆಸರಾಗಿ ಕೂತುಬಿಡುತ್ತಾನೆ. ಜೂನಿಯರ್, ಸೀನಿಯರ್ ಎಂದಿದ್ದರೆ ತಂದೆ ಮಗನೆಂದು ತೀರ್ಮಾನಿಸಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಕಿರಿಯನಿಗೆ ಜೂನಿಯರ್ ಎನ್ನುತ್ತಿದ್ದುದುಂಟು. ಪ್ರತಿಯೊಂದು ನಮೂದಿನ ಜೊತೆಗೂ ಸಂಪುಟ, ಪುಟ, ಮೂಲ ಎಲ್ಲಿದೆ ಎಂಬ ವಿವರ ಇರಲೇಬೇಕು. ಬರೆದದ್ದನ್ನು ಇನ್ನೊಬ್ಬರು ಮೂಲದೊಡನೆ ಹೋಲಿಸಿ ನೋಡುವವರೆಗೆ ಅದು ಕರಡು ಮಾತ್ರ.

ದೂರದ ಊರುಗಳಿಂದ ಬರುವ ವಿಚಾರಣೆಗಳಿಗೆ ಉತ್ತರಿಸುವಾಗಲೂ ಇದೇ ಶಿಸ್ತು. ಯಾವ ಪುಸ್ತಕಗಳಲ್ಲಿ, ಯಾವ ವರ್ಷಗಳಲ್ಲಿ ಹುಡುಕಿದಿರಿ ಎಂಬುದನ್ನು, ಏನೂ ಸಿಗದಿದ್ದಾಗಲೂ, ಬರೆದು ಕಳುಹಿಸಿ. ಬದುಕಿರುವವರ ಜನ್ಮದಿನಾಂಕ, ವಿಳಾಸ, ದತ್ತು ಮತ್ತು ಡಿಎನ್‌ಎ ಪರೀಕ್ಷೆಯ ವಿವರಗಳನ್ನು ಯಾರು ಕೇಳಿದರೂ ಕೊಡಕೂಡದು. ಜನ ತಂದು ತೋರಿಸುವ ಪೂರ್ವಜರ ಪಟ್ಟಿಗಳಲ್ಲಿ ವ್ಯಕ್ತಿಗಳಿಗೆ ಸಂಖ್ಯೆಗಳಿದ್ದರೆ ಗಾಬರಿ ಬೇಡ: ಸಾಮಾನ್ಯವಾಗಿ ಒಬ್ಬರ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ತಂದೆಯದು, ಅದಕ್ಕೆ ಒಂದನ್ನು ಕೂಡಿಸಿದರೆ ತಾಯಿಯದು.

ಸಮಾಧಿಗಳ ಬರಹವನ್ನು ಓದುವ ತಂಡದ ಜೊತೆ ಹೊರಟರೆ ಸ್ಮಶಾನದ ಒಡೆತನ ಯಾರದೆಂದು ತಿಳಿದು ಅನುಮತಿ ಪಡೆದಿರಬೇಕು. ಮಾಸಿದ ಅಕ್ಷರಗಳಿಗೆ ಕನ್ನಡಿಯಿಂದ ಓರೆಯಾಗಿ ಬೆಳಕು ಹಾಯಿಸಿದರೆ ಸಾಕಷ್ಟು ಓದಬಹುದು. ಗಡ್ಡ ಬೋಳಿಸುವಾಗ ಹಚ್ಚುವ ನೊರೆ, ಹಿಟ್ಟು, ಬ್ಲೀಚು, ತಂತಿಯ ಬ್ರಷ್ಷುಗಳನ್ನು ಹತ್ತಿರ ಸುಳಿಸಬೇಡಿ. ನಮ್ಮಲ್ಲಿ ಶಾಸನತಜ್ಞರು ಗಟ್ಟಿ ಕಲ್ಲಿನ ಮೇಲೆ ಒದ್ದೆ ಕಾಗದ ಹಚ್ಚಿ ಮಸಿಯಿಂದ ಅಚ್ಚು ತೆಗೆಯುತ್ತಾರಲ್ಲ, ಆ ಪದ್ಧತಿಯನ್ನು ಪುಡಿಯಾಗುತ್ತಿರುವ ಅಮೃತಶಿಲೆಯ ಸಮಾಧಿಕಲ್ಲಿನ ಮೇಲೆ ಪ್ರಯೋಗಿಸಬಾರದು.

ಮನೆ ಖಾಲಿ ಮಾಡುವವರು ತಂದಿಳಿಸುವ ಪೆಟ್ಟಿಗೆಗಳ ವಿಷಯದಲ್ಲಿ ಕೊಟ್ಟವರ ಸಹಿಯಿರುವ ದಾನಪತ್ರ ಮೊದಲು, ಉಳಿದದ್ದು ಆಮೇಲೆ. ಕಾಗದಗಳು ಬಂದ ಕ್ರಮವನ್ನು ಕೆಡಿಸಬೇಡಿ, ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ, ಪೆನ್ಸಿಲ್ ಮಾತ್ರ ಬಳಸಿ; ಲ್ಯಾಮಿನೇಷನ್ ಮತ್ತು ಅಂಟುಪಟ್ಟಿಗಳು ಕಾಗದಕ್ಕೆ ಶಾಶ್ವತ ಹಾನಿ ಮಾಡುತ್ತವೆ. ಬಿಳಿ ಕೈಗವಸು ತೊಟ್ಟು ಪುಟ ತಿರುವುವ ದೃಶ್ಯ ಚೆಂದವೇನೋ ಹೌದು, ಆದರೆ ಕಾಗದದ ಮಟ್ಟಿಗೆ ತೊಳೆದು ಒರೆಸಿದ ಬರಿಗೈಯೇ ಮೇಲು.

ಕೆಲಸದಲ್ಲಿ ಕೈ ಪಳಗಿದ ಮೇಲೆ, 1965ರ ವಲಸೆ ಕಾನೂನಿನ ನಂತರ ಬಂದು ಆ ಕೌಂಟಿಯಲ್ಲಿ ನೆಲೆಸಿದ ಭಾರತೀಯ ಕುಟುಂಬಗಳಿಗೂ ಕಡತಗಳನ್ನು ತೆರೆಯುವ ಪ್ರಸ್ತಾಪವನ್ನು ಸಂಘದ ಮುಂದಿಡಬಹುದು. ಹೆಳವರು ಎತ್ತಿನೊಡನೆ ಮನೆಬಾಗಿಲಿಗೆ ಬಂದು ವಂಶ ಹೇಳುವ ಸೌಲಭ್ಯ ಅಲ್ಲಿಲ್ಲ. ಎರಡೂ ಕಡೆಯ ಹಿರಿಯರ ಹೆಸರುಗಳಿರುವ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಆಹ್ವಾನಪತ್ರ, ಕನ್ನಡ ಕೂಟದ ಸ್ಮರಣ ಸಂಚಿಕೆ ಇವೇ ಮುಂದಿನವರಿಗೆ ಆಧಾರ. ಇವುಗಳನ್ನು ಸೇರಿಸುವಾಗ ಹೆಸರಿನ ಮುಂದಿನ ಅಕ್ಷರಗಳಲ್ಲಿ ಊರು ಯಾವುದು, ತಂದೆಯ ಹೆಸರು ಯಾವುದು ಎಂದು ಕುಟುಂಬದವರನ್ನೇ ಕೇಳಿ ಬಿಡಿಸಿ ಬರೆಯಿರಿ. ತಂದೆಯ ಹೆಸರು ಮಗನಿಗೆ ಮನೆತನದ ಹೆಸರಾಗಿ, ತಂದೆಯ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಆ ಜಾಗದಲ್ಲಿ ಕುಳಿತಿರುವುದು ಸಾಮಾನ್ಯವಾದ್ದರಿಂದ, ಒಂದೇ ಕುಟುಂಬದ ಕಡತಕ್ಕೆ ಸೂಚಿಯಲ್ಲಿ ಎರಡು ಮೂರು ಹೆಸರುಗಳಡಿ ನಮೂದು ಮಾಡಿ, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಬೇಕಾಗುತ್ತದೆ.