ಪೈಥಾನ್‌ಗೆ ಬರೆದ ನನ್ನ ಸಿ ಕೋಡು ಏಕೆ ಬೀಳುತ್ತಿತ್ತು: ಒಂದು ಕೈಗಡದ ಕಥೆ

ಕನ್ನಡ ವಿಕಿಪೀಡಿಯದ ಪಠ್ಯವನ್ನೆಲ್ಲ ಇಳಿಸಿಕೊಂಡು, ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸುವ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೆ. ಸ್ಪೆಲ್‌ಚೆಕ್ಕರ್‌ಗೆ ಒಂದು ಒಳ್ಳೆಯ ಪದಪಟ್ಟಿ ಮಾಡಬೇಕು ಅನ್ನುವುದು ಬಹಳ ದಿನದ ಆಸೆ. ಸುಮ್ನೆ ಎಣಿಸುವುದಕ್ಕಾದರೆ ಪೈಥಾನ್‌ನ ಡಿಕ್ಷನರಿಯೇ ಸಾಕು. ಆದರೆ ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿ ಇವೆಲ್ಲ ಒಂದೇ ಬುಡದ ಪದಗಳು ಅಂತ ಗುರುತಿಸಬೇಕಿತ್ತು. ಪ್ರತಿ ಪದದ ಕೊನೆಗೂ ಹತ್ತಾರು ಪ್ರತ್ಯಯ ಹೋಲಿಸಿ ನೋಡುವ ಕೆಲಸ ಅದು. ಪೈಥಾನ್‌ನಲ್ಲಿ ತುಂಬಾ ನಿಧಾನವಾಯಿತು. ಹಾಗಾಗಿ ಆ ಭಾಗವನ್ನು ಸಿ ಭಾಷೆಯಲ್ಲಿ ಬರೆದು, ಪೈಥಾನ್ ಕರೆಯಬಹುದಾದ ಎಕ್ಸ್‌ಟೆನ್ಷನ್ ಮಾಡಿ ಜೋಡಿಸಿದೆ.

ಟೆಸ್ಟ್‌ಗಳೆಲ್ಲ ಪಾಸಾದವು. ನಿಜವಾದ ಫೈಲುಗಳನ್ನು ಕೊಟ್ಟರೆ ಮಾತ್ರ ಒಂದೆರಡು ನಿಮಿಷ ಓಡಿ ಬಿದ್ದುಹೋಗುತ್ತಿತ್ತು. ಟರ್ಮಿನಲ್‌ನಲ್ಲಿ ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್. ಎಕ್ಸಿಟ್ ಕೋಡ್ 139. ಈ 139 ಅಂದರೆ 128ಕ್ಕೆ 11 ಸೇರಿಸಿದ್ದು. ಲಿನಕ್ಸ್‌ನಲ್ಲಿ 11ನೇ ಸಿಗ್ನಲ್ ಬಂದರೆ, ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈ ಹಾಕಿದೆ ಅಂತ ಅರ್ಥ. ಪೈಥಾನ್‌ನಲ್ಲಿ ತಪ್ಪಾದರೆ ಯಾವ ಫೈಲು, ಎಷ್ಟನೇ ಸಾಲು ಅಂತ ಅದೇ ಹೇಳುತ್ತದೆ. ಇಲ್ಲಿ ಏನೂ ಇಲ್ಲ.

ಮೊದಲು ಮಾಡಿದ ಕೆಲಸ ಫಾಲ್ಟ್‌ಹ್ಯಾಂಡ್ಲರ್ ಹಾಕಿದ್ದು. ಇದು ಪೈಥಾನ್ 3.3ರಿಂದ ಜೊತೆಗೇ ಬರುತ್ತದೆ. ಪೈಥಾನ್ ಕರೆಯುವಾಗ '-ಎಕ್ಸ್ ಫಾಲ್ಟ್‌ಹ್ಯಾಂಡ್ಲರ್' ಅಂತ ಸೇರಿಸಿದರೆ ಆಯಿತು. ಪ್ರೋಗ್ರಾಂ ಸಾಯುವ ಕ್ಷಣದಲ್ಲಿ ಪೈಥಾನ್‌ನ ಯಾವ ಸಾಲಿನಲ್ಲಿತ್ತು ಅಂತ ತೋರಿಸಿಯೇ ಸಾಯುತ್ತದೆ. ಸಿ ಕೋಡ್ ಜೊತೆ ಕೆಲಸ ಮಾಡುವವರು ಇದನ್ನು ಯಾವಾಗಲೂ ಹಾಕಿಟ್ಟುಕೊಳ್ಳಬೇಕು ಅಂತಲೇ ನನ್ನ ಅಭಿಪ್ರಾಯ. ಖರ್ಚು ಏನೂ ಇಲ್ಲ. ನನಗೆ ಸಿಕ್ಕಿದ್ದು ಪದವನ್ನು ಸಿ ಕೋಡಿಗೆ ಕೊಡುವ ಸಾಲು. ಅಲ್ಲಿಗೆ ಬೀಳುತ್ತಿರುವುದು ನನ್ನ ಸಿ ಕೋಡಿನ ಒಳಗೇ ಅಂತ ಗೊತ್ತಾಯಿತು.

ಆಮೇಲೆ ಜಿಡಿಬಿ, ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನು ನಿಲ್ಲಿಸಿ ಒಳಗೆ ನೋಡಲು ಬಿಡುವ ಡೀಬಗರ್. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಎಕ್ಸ್‌ಟೆನ್ಷನ್ ಕಂಪೈಲ್ ಮಾಡುವಾಗ '-ಜಿ' (ಡೀಬಗ್ ಮಾಹಿತಿ ಸೇರಿಸು) ಮತ್ತು '-ಓ0' (ಆಪ್ಟಿಮೈಸ್ ಮಾಡಬೇಡ) ಕೊಡದೆ ಜಿಡಿಬಿ ತೆರೆದರೆ ಅರ್ಧ ವೇರಿಯಬಲ್‌ಗಳ ಮುಂದೆ 'ಆಪ್ಟಿಮೈಸ್ಡ್ ಔಟ್' ಅಂತ ಬರುತ್ತದೆ. ಒಂದು ಸಂಜೆ ಪೂರ್ತಿ ನಾನು ಹಾಗೇ ಕಳೆದೆ. ಮತ್ತೆ ಕಂಪೈಲ್ ಮಾಡಿ, ಜಿಡಿಬಿ ಒಳಗೇ ಓಡಿಸಿದೆ. ಬಿದ್ದಾಗ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ನೋಡಿದರೆ ಮೇಲಿನ ಸಾಲಿನಲ್ಲಿ ಎರಡು ಕಡೆಯ ಬೈಟ್‌ಗಳನ್ನು ಹೋಲಿಸುವ ಸಿ ಲೈಬ್ರರಿಯ ಮೆಮ್‌ಕಂಪ್, ಅದರ ಕೆಳಗೆ ಹ್ಯಾಶ್ ಟೇಬಲ್‌ನಲ್ಲಿ, ಅಂದರೆ ಪದ ಮತ್ತು ಎಣಿಕೆ ಇಟ್ಟ ಕೋಷ್ಟಕದಲ್ಲಿ, ಪದ ಹುಡುಕುವ ನನ್ನ ಫಂಕ್ಷನ್. ಮೆಮ್‌ಕಂಪ್‌ಗೆ ಕೊಟ್ಟ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ನೋಡೋಕೆ ಸರಿಯಾಗೇ ಇತ್ತು. ಸೊನ್ನೆಯಲ್ಲ, ಹುಚ್ಚುಚ್ಚು ಸಂಖ್ಯೆಯೂ ಅಲ್ಲ. ಆದರೆ ಆ ವಿಳಾಸದಲ್ಲಿ ಏನಿದೆ ಅಂತ ಕೇಳಿದರೆ, ಆ ಮೆಮೊರಿಯನ್ನು ಓದಲಾಗದು ಅಂತ ಜಿಡಿಬಿ ಉತ್ತರ ಕೊಟ್ಟಿತು.

ಹ್ಯಾಶ್ ಟೇಬಲ್ ನಾನೇ ಬರೆದದ್ದು. ಸಹಜವಾಗಿ ಅದರ ಮೇಲೇ ಅನುಮಾನ ಬಂತು. ಟೇಬಲ್ ದೊಡ್ಡದು ಮಾಡುವ ಭಾಗವನ್ನು ಮೂರು ಸಲ ಓದಿದೆ, ಒಂದು ಸಲ ಹೊಸದಾಗಿ ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅದರಲ್ಲಿ ಏನೂ ದೋಷ ಇರಲಿಲ್ಲ.

ಯಾವ ಪದಕ್ಕೆ ಬೀಳುತ್ತದೆ ಅಂತ ನೋಡೋಣ ಎಂದು, ಸಿ ಕೋಡಿಗೆ ಕೊಟ್ಟ ಪದಗಳನ್ನೆಲ್ಲ ಪೈಥಾನ್ ಕಡೆ ಒಂದು ಲಿಸ್ಟ್‌ಗೆ ಸೇರಿಸುತ್ತಾ ಹೋದೆ. ಬೀಳುವುದೇ ನಿಂತುಹೋಯಿತು. ಲಿಸ್ಟ್ ತೆಗೆದೆ, ಮತ್ತೆ ಬಿತ್ತು. ಮತ್ತೆ ಹಾಕಿದೆ, ಸರಿಯಾಗಿ ಓಡಿತು. ಮರುದಿನ ಆಫೀಸಿನಲ್ಲಿ ಊಟ ಮಾಡುತ್ತಾ ಇದನ್ನು ಗೆಳೆಯನ ಹತ್ತಿರ ಹೇಳಿಕೊಂಡೆ. ಅವನು ಕೋಡು ನೋಡಿಯೇ ಇಲ್ಲ. "ಲಿಸ್ಟ್ ಇದ್ರೆ ಬದುಕುತ್ತೆ, ಇಲ್ದಿದ್ರೆ ಸಾಯುತ್ತೆ ಅಂತೀಯಲ್ಲ ಮಾರಾಯ, ಹಾಗಾದ್ರೆ ಲಿಸ್ಟ್ ಇಲ್ದಿದ್ದಾಗ ಆ ಪದಗಳನ್ನ ಹಿಡ್ಕೊಂಡಿರೋರು ಯಾರು?" ಅಂದ.

ಯಾರೂ ಇಲ್ಲ. ಅದೇ ಉತ್ತರ.

ಪೈಥಾನ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಲೆಕ್ಕ ಇರುತ್ತದೆ: ನನ್ನನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಅಂತ. ಲೆಕ್ಕ ಸೊನ್ನೆಗೆ ಬಂದ ತಕ್ಷಣ ಆ ವಸ್ತುವಿನ ಜಾಗ ಬೇರೆಯವರಿಗೆ ಹೋಗುತ್ತದೆ. ಪೈಥಾನ್‌ನಲ್ಲಿ ಬರೆಯುವಾಗ ಈ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಸಿ ಕಡೆಗೆ ಬಂದರೆ ನಾವೇ ನೋಡಿಕೊಳ್ಳಬೇಕು. ಕೆಲವು ಫಂಕ್ಷನ್‌ಗಳು ನಮಗೆ ಸ್ವಂತಕ್ಕೆ ಕೊಡುತ್ತವೆ, ಮುಗಿದ ಮೇಲೆ ಬಿಟ್ಟುಕೊಡುವುದು ನಮ್ಮ ಜವಾಬ್ದಾರಿ. ಕೆಲವು ಬರೀ ಕೈಗಡ ಕೊಡುತ್ತವೆ. ಕೊಟ್ಟವರ ಹತ್ತಿರ ಇರುವವರೆಗೆ ಮಾತ್ರ ನಮ್ಮ ಹತ್ತಿರವೂ ಇರುತ್ತದೆ. ಲಿಸ್ಟ್‌ನಿಂದ ಒಂದು ವಸ್ತು ತೆಗೆದುಕೊಡುವ ಪೈಲಿಸ್ಟ್_ಗೆಟ್‌ಐಟಂ ಕೊಡುವುದು ಹೀಗೆ ಕೈಗಡವನ್ನೇ. ಲಿಸ್ಟ್‌ಗೆ ಹಾಕುವ ಪೈಲಿಸ್ಟ್_ಸೆಟ್‌ಐಟಂ ಮಾತ್ರ ನಾವು ಕೊಟ್ಟದ್ದನ್ನು ಪೂರ್ತಿ ತನ್ನದೇ ಮಾಡಿಕೊಳ್ಳುತ್ತದೆ. ಡಿಕ್ಷನರಿಗೆ ಹಾಕುವ ಫಂಕ್ಷನ್ ಹಾಗೆ ಮಾಡುವುದಿಲ್ಲ. ಒಂದೊಂದಕ್ಕೂ ಒಂದೊಂದು ಕರಾರು. ಹೆಸರು ನೋಡಿ ಊಹಿಸುವ ಹಾಗಿಲ್ಲ, ಕೈಪಿಡಿ ತೆರೆದು ಓದಲೇಬೇಕು.

ನಾನು ಬಳಸಿದ್ದು ಪೈಯೂನಿಕೋಡ್_ಆ್ಯಸ್‌ಯುಟಿಎಫ್8ಆ್ಯಂಡ್‌ಸೈಜ್ ಅನ್ನುವ ಫಂಕ್ಷನ್. ಪೈಥಾನ್ ಸ್ಟ್ರಿಂಗ್ (ಪಠ್ಯ) ಕೊಟ್ಟರೆ, ಅದನ್ನು ಯುಟಿಎಫ್-8 ಅನ್ನುವ ಸಂಕೇತದಲ್ಲಿ ಬರೆದ ಬೈಟ್‌ಗಳ ವಿಳಾಸ ಕೊಡುತ್ತದೆ. ಕನ್ನಡ ಸ್ಟ್ರಿಂಗ್ ಒಳಗೆ ಒಂದೊಂದು ಕೋಡ್‌ಪಾಯಿಂಟಿಗೆ (ಅಕ್ಷರ ಅಥವಾ ಗುಣಿತದ ಗುರುತಿಗೆ) ಎರಡು ಬೈಟ್‌ನಂತೆ ಇರುತ್ತದೆ. ಯುಟಿಎಫ್-8ರಲ್ಲಿ ಮೂರು ಬೇಕು. ಹಾಗಾಗಿ ಪೈಥಾನ್ ಬೇರೆ ಜಾಗದಲ್ಲಿ ಯುಟಿಎಫ್-8 ಪ್ರತಿ ಮಾಡಿ, ಅದನ್ನು ಸ್ಟ್ರಿಂಗ್‌ಗೇ ಅಂಟಿಸಿಟ್ಟು, ವಿಳಾಸ ಮಾತ್ರ ನಮಗೆ ಕೊಡುತ್ತದೆ. ಸ್ಟ್ರಿಂಗ್ ಹೋದರೆ ಪ್ರತಿಯೂ ಹೋಯಿತು. ನಾನು ಆ ವಿಳಾಸವನ್ನು ಹ್ಯಾಶ್ ಟೇಬಲ್‌ನಲ್ಲಿ ಬರೆದಿಟ್ಟುಕೊಂಡು ಕೂತಿದ್ದೆ.

ಊಹೆ ಸರಿಯೇ ಅಂತ ಕಣ್ಣಾರೆ ನೋಡಬೇಕಿತ್ತು. ಮತ್ತೆ ಜಿಡಿಬಿಗೆ ಹೋಗಿ, ಓದಲು ಬರುವ ಜಾಗದಲ್ಲಿದ್ದ ಒಂದು ಟೇಬಲ್ ಎಂಟ್ರಿ ತೆಗೆದೆ. ಉದ್ದ 9 ಬೈಟ್. ಅದು 'ಮನೆ' ಆಗಿರಬೇಕಿತ್ತು. ಮ, ನ, ಎ-ಕಾರದ ಗುರುತು, ಒಂದೊಂದಕ್ಕೆ ಮೂರು ಬೈಟ್, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರೆದರೆ: ಇ0 ಬಿ2 ಎಇ, ಇ0 ಬಿ2 ಎ8, ಇ0 ಬಿ3 86. ಅಲ್ಲಿ ಇದ್ದದ್ದು ಇದು:

70 35 91 ಎಫ್6 ಎಫ್ಎಫ್ 7ಎಫ್ 00 00 86

ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಕೊನೆಯ 86 ಮಾತ್ರ ನನ್ನ ಪದದ್ದು. ಮೊದಲ ಎಂಟನ್ನು ಹಿಂದುಮುಂದು ಮಾಡಿ ಓದಿದರೆ ಒಂದು ವಿಳಾಸ. ಪೈಥಾನ್ 512 ಬೈಟ್‌ವರೆಗಿನ ಸಣ್ಣ ವಸ್ತುಗಳಿಗೆ ತನ್ನದೇ ಮೆಮೊರಿ ವ್ಯವಸ್ಥೆ ಇಟ್ಟುಕೊಂಡಿದೆ. ಖಾಲಿಯಾದ ಜಾಗದ ಮೊದಲ ಎಂಟು ಬೈಟ್‌ನಲ್ಲಿ, ಮುಂದಿನ ಖಾಲಿ ಜಾಗ ಎಲ್ಲಿದೆ ಅಂತ ಅದು ಬರೆದಿಡುತ್ತದೆ. ನನ್ನ ಪದ ಒಂಬತ್ತು ಬೈಟ್ ಇದ್ದದ್ದರಿಂದ ಒಂದು ಬೈಟ್ ಹೊರಗೆ ಉಳಿದುಕೊಂಡಿತ್ತು. ಅಳಿಸಿಹೋದ ಗೋಡೆಬರಹದಲ್ಲಿ ಕೊನೆಯ ಒಂದು ಅಕ್ಷರ ಉಳಿದ ಹಾಗೆ.

ಆಗ ಎಲ್ಲ ಒಂದೊಂದೇ ಅರ್ಥವಾಯಿತು. ಬಿಟ್ಟ ಜಾಗ ತಕ್ಷಣ ಆಪರೇಟಿಂಗ್ ಸಿಸ್ಟಂಗೆ ವಾಪಸ್ ಹೋಗುವುದಿಲ್ಲ. ಪೈಥಾನ್ 3.10ರಿಂದೀಚೆಗೆ 64 ಬಿಟ್ ಯಂತ್ರಗಳಲ್ಲಿ ಈ ವ್ಯವಸ್ಥೆ ಒಂದೊಂದು ಎಂಬಿ ತುಂಡುಗಳಲ್ಲಿ ಮೆಮೊರಿ ತರುತ್ತದೆ. ಒಂದು ತುಂಡು ಪೂರ್ತಿ ಖಾಲಿಯಾದರೆ ಮಾತ್ರ ಹಿಂತಿರುಗಿಸುತ್ತದೆ. ಒಂದು ದೊಡ್ಡ ಫೈಲು ಮುಗಿದು ಅದರ ಪದಗಳೆಲ್ಲ ಹೋದಾಗ ಆ ತುಂಡೂ ಹೋಗುತ್ತಿತ್ತು. ಮುಂದಿನ ಫೈಲಿನಲ್ಲಿ ಅದೇ ಪದ ಬಂದಾಗ ಮೆಮ್‌ಕಂಪ್ ಅಲ್ಲಿಗೆ ಹೋಗಿ ಬೀಳುತ್ತಿತ್ತು. ತಪ್ಪು ನಡೆದು ನಿಮಿಷಗಳೇ ಕಳೆದಿರುತ್ತಿದ್ದವು.

ಟೆಸ್ಟ್‌ಗಳು ಪಾಸಾಗಿದ್ದೂ ಇದಕ್ಕೇ. ಟೆಸ್ಟ್ ಫೈಲಿನಲ್ಲಿ ನಾನೇ ಬರೆದಿದ್ದ ಪದಗಳನ್ನು ಆ ಪೈಥಾನ್ ಕೋಡೇ ಕೊನೆಯವರೆಗೂ ಹಿಡಿದುಕೊಂಡಿರುತ್ತದೆ. ಸಾಲು ಓದಿ ತುಂಡು ಮಾಡಿದ ಪದಗಳಿಗೆ ಆ ಆಸರೆ ಇಲ್ಲ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ. ಬೀಳುವುದಕ್ಕೆ ಮುಂಚೆಯೇ ಈ ತಪ್ಪು ಮುಖ ತೋರಿಸಿತ್ತು. ಸಣ್ಣ ಫೈಲುಗಳಲ್ಲಿ ಕ್ರ್ಯಾಶ್ ಆಗದೆ ಪಟ್ಟಿ ಬರುತ್ತಿತ್ತು. ಅದರಲ್ಲಿ ಒಂದೇ ಪದ ಎರಡು ಮೂರು ಸಲ, ಬೇರೆ ಬೇರೆ ಎಣಿಕೆಯೊಂದಿಗೆ. ನಡುವೆ ಅಲ್ಲಲ್ಲಿ ಓದಲಾಗದ ಚೌಕಗಳು. ವಿಕಿಪೀಡಿಯದ ಪಠ್ಯವೇ ಕೆಟ್ಟಿದೆ ಅಂದುಕೊಂಡು, ಡಿಕೋಡ್ ಆಗದ ಬೈಟ್‌ಗಳನ್ನು ಬದಲಾಯಿಸಿ ಮುಂದೆ ಹೋಗು ಅಂತ ಬರೆದುಬಿಟ್ಟಿದ್ದೆ. ಬಿದ್ದ ಪ್ರೋಗ್ರಾಂ ಕಣ್ಣಿಗೆ ಕಾಣುತ್ತದೆ. ಬೀಳದೆ ತಪ್ಪು ಲೆಕ್ಕ ಕೊಟ್ಟಿದ್ದರೆ ಆ ಪಟ್ಟಿಯನ್ನು ನಾಲ್ಕು ಜನಕ್ಕೆ ಹಂಚಿಯೂ ಬಿಡುತ್ತಿದ್ದೆ.

ಈಗ ಇಂಥದ್ದು ಬಂದರೆ ನಾನು ಅಷ್ಟು ಸುತ್ತುವುದಿಲ್ಲ. ಮೊದಲು ಪೈಥಾನ್‌ಮ್ಯಾಲಾಕ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 'ಡೀಬಗ್' ಅಂತ ಕೊಟ್ಟು ಓಡಿಸುತ್ತೇನೆ. ಬಿಟ್ಟ ಜಾಗವನ್ನೆಲ್ಲ ಆಗ ಪೈಥಾನ್ 'ಡಿಡಿ' ಬೈಟ್‌ನಿಂದ ತುಂಬುತ್ತದೆ. ಜಿಡಿಬಿಯಲ್ಲಿ ಡಿಡಿ ಡಿಡಿ ಡಿಡಿ ಅಂತ ಕಂಡರೆ ಮುಗಿಯಿತು, ಸತ್ತದ್ದನ್ನು ಮುಟ್ಟಿದ್ದೇನೆ ಅಂತ ಅರ್ಥ. ಅದರಿಂದಲೂ ಸಿಗದಿದ್ದರೆ ಅಡ್ರೆಸ್ ಸ್ಯಾನಿಟೈಸರ್, ಅಂದರೆ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕಂಪೈಲರ್ ಸಾಧನ. ಎಕ್ಸ್‌ಟೆನ್ಷನ್ ಅನ್ನು ಅದರೊಂದಿಗೆ ಕಂಪೈಲ್ ಮಾಡಿ, ಅದರ ಲೈಬ್ರರಿಯನ್ನು ಪೈಥಾನ್‌ಗಿಂತ ಮೊದಲೇ ಲೋಡ್ ಆಗುವಂತೆ ಮಾಡಬೇಕು. ಪೈಥಾನ್‌ಮ್ಯಾಲಾಕ್‌ಗೆ 'ಮ್ಯಾಲಾಕ್' ಅಂತ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೈಥಾನ್ ತನ್ನ ತುಂಡುಗಳೊಳಗೆ ಏನು ಮಾಡುತ್ತಿದೆ ಅನ್ನುವುದು ಸ್ಯಾನಿಟೈಸರ್‌ಗೆ ಕಾಣುವುದೇ ಇಲ್ಲ. ಹೀಗೆ ಓಡಿಸಿದಾಗ ನನ್ನ ತಪ್ಪು ಮೊದಲ ಕೆಲವು ಸಾಲುಗಳಲ್ಲೇ ಸಿಕ್ಕಿತು. ಮುಟ್ಟಿದ್ದು ಎಲ್ಲಿ, ಬಿಟ್ಟದ್ದು ಎಲ್ಲಿ, ಮೊದಲು ಪಡೆದದ್ದು ಎಲ್ಲಿ, ಮೂರೂ ಒಟ್ಟಿಗೆ.

ಸರಿಪಡಿಸಲು ಎರಡು ದಾರಿ ಇದ್ದವು. ಸ್ಟ್ರಿಂಗ್‌ನ ಲೆಕ್ಕ ಒಂದು ಹೆಚ್ಚಿಸಿ ನಾನೇ ಹಿಡಿದುಕೊಳ್ಳುವುದು, ಅಥವಾ ಬೈಟ್‌ಗಳನ್ನು ನನ್ನ ಜಾಗಕ್ಕೆ ನಕಲು ಮಾಡುವುದು. 'ಮನೆ' ಅನ್ನುವ ಪದದ ಸ್ಟ್ರಿಂಗ್ ಪೈಥಾನ್ 3.11ರಲ್ಲಿ 80 ಬೈಟ್ ತಿನ್ನುತ್ತದೆ, ಯುಟಿಎಫ್-8 ಪ್ರತಿ ಬೇರೆ. ನನಗೆ ಬೇಕಾದದ್ದು ಒಂಬತ್ತು. ಹಾಗಾಗಿ ಒಂದು ದೊಡ್ಡ ಬಫರ್‌ಗೆ ನಕಲು ಮಾಡಿದೆ. ಆ ಬಫರ್ ಬೆಳೆದಾಗ ಬೇರೆ ಕಡೆಗೆ ಹೋಗಬಹುದು ಅಲ್ವಾ? ಅದಕ್ಕೆ ಟೇಬಲ್‌ನಲ್ಲಿ ವಿಳಾಸದ ಬದಲು, ಬಫರ್‌ನ ಶುರುವಿನಿಂದ ಎಷ್ಟು ದೂರ ಅಂತ ಬರೆದಿಟ್ಟೆ.

ಇದೇ ಕೋಡಿನಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಏನೂ ಸಿಗದಿದ್ದಾಗ ನನ್ (None, 'ಏನೂ ಇಲ್ಲ' ಅನ್ನುವ ಪೈಥಾನ್ ವಸ್ತು) ವಾಪಸ್ ಕೊಡುವ ಕಡೆ ಅದರ ಲೆಕ್ಕ ಹೆಚ್ಚಿಸಿರಲಿಲ್ಲ. ಪೈಥಾನ್ 3.11ರಲ್ಲಿ ಇದು ಸಾವಿರಾರು ಸಲ ನಡೆದ ಮೇಲೆ, 'ನನ್ ಅನ್ನೇ ಅಳಿಸುತ್ತಿದ್ದೀರಿ' ಅನ್ನುವ ಅರ್ಥದ ಸಂದೇಶ ಕೊಟ್ಟು ಸಾಯುತ್ತದೆ. 3.12ರಿಂದ ನನ್, ಟ್ರೂ, ಸಣ್ಣ ಸಂಖ್ಯೆಗಳಿಗೆಲ್ಲ ಸಾವಿಲ್ಲದ ಹಾಗೆ ಮಾಡಿದ್ದಾರೆ, ಅವುಗಳ ಲೆಕ್ಕ ಬದಲಾಗುವುದೇ ಇಲ್ಲ. ಹೊಸ ಪೈಥಾನ್‌ನಲ್ಲಿ ಮಾತ್ರ ನೋಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಹಳೆಯ ಆವೃತ್ತಿಯಲ್ಲೂ ಒಮ್ಮೆ ಓಡಿಸಿ ನೋಡುವ ಅಭ್ಯಾಸ ಅಲ್ಲಿಂದ ಬಂತು.

ಟೆಸ್ಟ್‌ಗಳನ್ನೂ ಬದಲಾಯಿಸಿದೆ. ಈಗ ಪದಗಳನ್ನು ಟೆಸ್ಟ್‌ನಲ್ಲಿ ನೇರವಾಗಿ ಬರೆಯುವುದಿಲ್ಲ. ಫೈಲಿನಿಂದ ಓದಿ, ತುಂಡು ಮಾಡಿ, ಕೊಟ್ಟು, ಕೈ ಬಿಟ್ಟು, ಆಮೇಲೆ ಎಣಿಕೆ ಕೇಳುತ್ತೇನೆ. ಬದಲಾಯಿಸಿ ಮುಂದೆ ಹೋಗು ಅಂತ ಬರೆದಿದ್ದ ಸಾಲನ್ನು ತೆಗೆದುಹಾಕಿದೆ. ಇಡೀ ವಿಕಿಪೀಡಿಯವನ್ನು ಮತ್ತೆ ಓಡಿಸಿದೆ. ಒಂದು ಚೌಕವೂ ಬರಲಿಲ್ಲ. 'ಮನೆ' ಒಂದೇ ಸಾಲಿನಲ್ಲಿತ್ತು, ಒಂದೇ ಎಣಿಕೆಯೊಂದಿಗೆ.