ಗುಲ್ಮಾರ್ಗಿಗೆ ಗಾಲ್ಫ್ ಕ್ಲಬ್ ಮುರಿಯದಂತೆ ಒಯ್ದದ್ದು

ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನ, ಅಲ್ಲಿಂದ ತಂಗ್‌ಮಾರ್ಗ್ ಊರಿನ ಮೇಲೆ ಗುಲ್ಮಾರ್ಗಿಗೆ ಟ್ಯಾಕ್ಸಿ. ಗಾಲ್ಫ್ ಕ್ಲಬ್‌ಗಳನ್ನು (ಚೆಂಡು ಹೊಡೆಯುವ ದಾಂಡುಗಳನ್ನು) ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್-ಇನ್ ಮಾಡಲೇಬೇಕು. ನನ್ನದು ಮೆತ್ತನೆಯ ಬ್ಯಾಗ್. ಅದು ತಲೆಕೆಳಗಾಗಿ ಬಿದ್ದರೆ ಮೊದಲ ಪೆಟ್ಟು ಎಲ್ಲಕ್ಕಿಂತ ಉದ್ದದ ಕ್ಲಬ್ಬಾದ ಡ್ರೈವರಿಗೆ. ಮುರಿಯುವುದೂ ಅದರ ತಲೆ ಸೇರುವ ಕುತ್ತಿಗೆಯ ಹತ್ತಿರವೇ.

ಹಾಗಾಗಿ ಡ್ರೈವರಿನ ತಲೆ ಬಿಚ್ಚಿ ದಪ್ಪ ಕಾಲುಚೀಲಕ್ಕೆ ತುರುಕಿದೆ. ಉಳಿದ ಕ್ಲಬ್‌ಗಳ ನಡುವೆ ಅವಕ್ಕಿಂತ ಒಂದು ಗೇಣು ಎತ್ತರದ ಗಟ್ಟಿ ಕೋಲು ನಿಲ್ಲಿಸಿದೆ (ನೆಲ ಒರೆಸುವ ಮಾಪಿನ ಹಿಡಿ, ಮನೆಯಲ್ಲಿ ಬೈಸಿಕೊಂಡದ್ದು ಬೇರೆ). ಬ್ಯಾಗ್ ಹೇಗೆ ಬಿದ್ದರೂ ಏಟು ಕೋಲಿಗೆ. ಸಂದಿಗೆಲ್ಲ ಟವೆಲ್, ಸ್ವೆಟರ್. ಟಿಕೆಟ್ಟಿನ ಮಿತಿ 15 ಕೆ.ಜಿ. ಆಟದ ನಿಯಮ 14 ಕ್ಲಬ್‌ಗಳವರೆಗೆ ಬಿಡುತ್ತದೆ, ನಿಜ. ರಜೆಯ ಆಟಕ್ಕೆ ಅಷ್ಟೂ ಯಾಕೆ? ಅರ್ಧ ಮನೆಯಲ್ಲೇ ಬಿಟ್ಟೆ. ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ಕೈಚೀಲದಲ್ಲಿರಲಿ, ಚೆಕ್-ಇನ್‌ನಲ್ಲಿ ಹಾಕುವಂತಿಲ್ಲ.

ಎಲ್ಲವೂ ನೆಟ್ಟಗೆ ಬಂದಿಳಿಯಿತು. ಆದರೆ ಆಟದಲ್ಲಿ ಚೆಂಡು ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ದಾಟಿ ಹಾರುತ್ತಿತ್ತು. ಸುಮಾರು 2,650 ಮೀಟರ್ ಎತ್ತರ, ಗಾಳಿ ತೆಳು. 7ನೇ ನಂಬರಿನ ಐರನ್ ಕ್ಲಬ್ ಬದಲು ಚೆಂಡನ್ನು ಕಡಿಮೆ ದೂರ ಕಳಿಸುವ 8 ಹಿಡಿದೆ, ಸರಿಹೋಯಿತು. ಹೋಗುವವರು ಬೇಸಿಗೆಯಲ್ಲೇ ಹೋಗಿ. ಚಳಿಗಾಲದಲ್ಲಿ ಅಲ್ಲಿ ಹಿಮ, ಸ್ಕೀಯಿಂಗ್ ಮಾತ್ರ.