‘ಹಾಲೆಲೂಯಾ’: ಕವರ್‌ಗಳನ್ನು ಪಕ್ಕಪಕ್ಕ ಇಟ್ಟು ಹಾಡು ಕಟ್ಟಿದ ನನ್ನ ಅನುಭವ

ಲಿಯೊನಾರ್ಡ್ ಕೋಹೆನ್ ಅವರ ‘ಹಾಲೆಲೂಯಾ’ ಕಲಿಯಲು ಹೊರಟವರು ಸಾಮಾನ್ಯವಾಗಿ ಅಮೆರಿಕದ ಗಾಯಕ ಜೆಫ್ ಬಕ್ಲಿಯ ಗಿಟಾರಿನಿಂದ ಶುರು ಮಾಡುತ್ತಾರೆ. ನಾನು ಗಿಟಾರನ್ನು ಬದಿಗಿಟ್ಟು ಮೊದಲು ಚರಣಗಳ ಲೆಕ್ಕ ಬರೆದುಕೊಂಡೆ. ಒಂದೊಂದು ಧ್ವನಿಮುದ್ರಿಕೆಗೆ ಒಂದೊಂದು ಹಾಳೆ. ಪ್ರತಿ ಹಾಳೆಯಲ್ಲಿ ಯಾವ ಚರಣ ಇದೆ, ಯಾವ ಕ್ರಮದಲ್ಲಿದೆ, ಶ್ರುತಿ ಯಾವುದು, ಜೊತೆಗೆ ಯಾವ ವಾದ್ಯ, ಪಲ್ಲವಿ ಎಷ್ಟು ಸಲ, ಒಟ್ಟು ಎಷ್ಟು ನಿಮಿಷ ಎಂದು ಬರೆದೆ. ಈ ಹಾಡಿನ ಮಟ್ಟನ್ನು ಯಾರೂ ಹೆಚ್ಚು ಬದಲಿಸಿಲ್ಲ. ಒಂದು ಕವರ್ (ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದ್ದು) ಇನ್ನೊಂದಕ್ಕಿಂತ ಬೇರೆಯಾಗಿ ಕೇಳಿಸುವುದು ಹಾಡಿದವರು ಯಾವ ಚರಣ ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದರಿಂದ. ಅದು ತಿಳಿಯದೆ ಗಿಟಾರ್ ಹಿಡಿದರೆ ಬಕ್ಲಿಯ ನಕಲು ಮಾತ್ರ ಸಿಗುತ್ತದೆ.

ಕೋಹೆನ್ ಕೆನಡಾದ ಮಾಂಟ್ರಿಯಲ್‌ನ ಕವಿ. ಈ ಹಾಡಿಗೆ ವರ್ಷಗಟ್ಟಲೆ ಕೂತು ಸುಮಾರು 80 ಚರಣ ಬರೆದರೆಂಬುದು ಪ್ರಸಿದ್ಧ. 1984ರಲ್ಲಿ ಜಾನ್ ಲಿಸಾವರ್ ನಿರ್ಮಾಣದಲ್ಲಿ ‘ವೇರಿಯಸ್ ಪೊಸಿಷನ್ಸ್’ ಆಲ್ಬಮ್‌ಗೆ ಮುದ್ರಿಸಿದಾಗ ಉಳಿದದ್ದು 4 ಚರಣ. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ ಆ ಆಲ್ಬಮನ್ನು ಹೊರತರಲು ಒಪ್ಪಲಿಲ್ಲ. ಒಂದು ಸಣ್ಣ ಲೇಬಲ್ ತಂದಿತು. ಮೂಲವನ್ನು ಇವತ್ತು ಕೇಳುವವರಿಗೆ ಸಿಂಥಸೈಜರ್, ಭಾರವಾದ ಡ್ರಮ್, ಹಿಂದಿನ ಕೋರಸ್ ಸ್ವಲ್ಪ ದಪ್ಪ ಎನಿಸಬಹುದು. ಆದರೂ ಅದನ್ನು ಕನಿಷ್ಠ 10 ಸಲ ಕೇಳಿ. ಕೋಹೆನ್ ಹಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುತ್ತಾರೆ, ಪದಗಳ ಒತ್ತು ಎಲ್ಲಿ ಬೀಳಬೇಕೆಂಬುದು ಅಲ್ಲೇ ಸ್ಪಷ್ಟವಾಗುತ್ತದೆ.

ಹಾಡಿನ ದಿಕ್ಕು ತಿರುಗಿದ್ದು ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್ ಕೈಯಲ್ಲಿ. ಕೇಲ್ ಸಾಹಿತ್ಯ ಕಳಿಸಿ ಎಂದು ಕೋರಿದಾಗ ಕೋಹೆನ್ ಫ್ಯಾಕ್ಸ್‌ನಲ್ಲಿ 15 ಪುಟ ಕಳಿಸಿದರು. ಕೇಲ್ ಮೂಲದ ಮೊದಲ ಎರಡು ಚರಣ ಇಟ್ಟುಕೊಂಡು, ಕೊನೆಯ ಎರಡನ್ನು ಬಿಟ್ಟು, ಆ ಪುಟಗಳಿಂದ ಬೇರೆ ಮೂರನ್ನು ಆರಿಸಿದರು. ಒಟ್ಟು 5. ಇದು 1991ರ ‘ಐಯಾಮ್ ಯುವರ್ ಫ್ಯಾನ್’ ಆಲ್ಬಮ್‌ನಲ್ಲಿದೆ: ಪಿಯಾನೊ, ಒಂದು ಕಂಠ, ಅಷ್ಟೇ. ಕೇಲ್ ಬಿಟ್ಟ ಎರಡು ಚರಣಗಳಲ್ಲಿ ದೇವರ ಹೆಸರಿನ ವಾದವಿತ್ತು, ಕೊನೆಗೆ ತಲೆಯೆತ್ತಿ ನಿಲ್ಲುವ ಒಪ್ಪಿಗೆಯಿತ್ತು. ಅವರು ಸೇರಿಸಿದ ಮೂರರಲ್ಲಿ ಮುರಿದ ಸಂಬಂಧ ಇದೆ. ಹಾಗಾಗಿ ಕೋಹೆನ್ ಹಾಡಿದರೆ ಪ್ರಾರ್ಥನೆಯ ಕಡೆ ವಾಲುವ ಹಾಡು, ಕೇಲ್ ಹಾಡಿದರೆ ಪ್ರೇಮಭಂಗದ ಹಾಡು. ಬಕ್ಲಿ ಕೇಳಿ ಕಲಿತದ್ದು ಕೇಲ್ ಅವರದನ್ನು. 1994ರ ‘ಗ್ರೇಸ್’ ಆಲ್ಬಮ್‌ನಲ್ಲಿ ಅದೇ 5 ಚರಣ, ಒಂದು ಎಲೆಕ್ಟ್ರಿಕ್ ಗಿಟಾರ್, ಶುರುವಿನಲ್ಲಿ ಕೇಳಿಸುವ ಒಂದು ನಿಟ್ಟುಸಿರು, ಒಟ್ಟು 7 ನಿಮಿಷಕ್ಕೆ ಸ್ವಲ್ಪ ಕಡಿಮೆ. 2001ರ ‘ಶ್ರೆಕ್’ ಸಿನಿಮಾದಲ್ಲಿ ಕೇಳುವುದು ಕೇಲ್ ದನಿ, ಅದರ ಆಲ್ಬಮ್‌ನಲ್ಲಿ ಇರುವುದು ಗಾಯಕ ರೂಫಸ್ ವೇನ್‌ರೈಟ್ ದನಿ. ಮಕ್ಕಳ ಸಿನಿಮಾ ಆದ್ದರಿಂದ ಅಲ್ಲಿ ಸಾಹಿತ್ಯಕ್ಕೆ ಕತ್ತರಿ ಬಿದ್ದಿದೆ. ಸಿನಿಮಾದಿಂದ ಕಲಿತವರ ಬಳಿ ಅರ್ಧ ಹಾಡು ಮಾತ್ರ ಇರುತ್ತದೆ.

ನಾನು ಆರಿಸಿದ್ದು 4 ಚರಣ: ದಾವೀದನ ಮೊದಲನೆಯದು, ಬತ್ಷೆಬೆ ಮತ್ತು ದೆಲೀಲಳ ಕಥೆ ಬೆರೆತ ಎರಡನೆಯದು, ಕೇಲ್ ಸೇರಿಸಿದವುಗಳಲ್ಲಿ ಒಂದು, ಕೊನೆಗೆ ಕೋಹೆನ್ ಮೂಲದ ಕಡೆಯ ಚರಣ. ಕೇಲ್ ದಾರಿಯಲ್ಲಿ ಹೋಗಿ ಕೋಹೆನ್ ಮನೆಗೆ ಬಂದಂತೆ. ಎರಡನೆಯ ಚರಣ ಅರ್ಥವಾಗಬೇಕಾದರೆ ಕನ್ನಡ ಬೈಬಲ್ಲಿನಲ್ಲಿ 2 ಸಮುವೇಲ 11ನೇ ಅಧ್ಯಾಯ, ನ್ಯಾಯಸ್ಥಾಪಕರು 16ನೇ ಅಧ್ಯಾಯ ಓದಿ. ಮಾಳಿಗೆಯಿಂದ ಕಂಡ ಹೆಂಗಸು ದಾವೀದನ ಕಥೆ, ಕೂದಲು ಕತ್ತರಿಸುವುದು ಸಂಸೋನನ ಕಥೆ. ಎರಡನ್ನೂ ಕೋಹೆನ್ ಒಬ್ಬನ ಮೇಲೆ ಹೊರಿಸಿದ್ದಾರೆ.

ಈಗ ಸ್ವರದ ಮಾತು. ಮೊದಲ ಚರಣದ ಕೊನೆಯ ಭಾಗದಲ್ಲಿ ಸಾಹಿತ್ಯವೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹೆಸರು ಹೇಳುತ್ತದೆ: ನಾಲ್ಕನೆಯದು, ಐದನೆಯದು, ಮೈನರ್‌ಗೆ ಇಳಿತ, ಮೇಜರ್‌ಗೆ ಏರಿಕೆ. ಸಿ ಶ್ರುತಿಯಲ್ಲಿ ಅವು ಕ್ರಮವಾಗಿ ಎಫ್, ಜಿ, ಎ ಮೈನರ್, ಮತ್ತೆ ಎಫ್. ನಮ್ಮ ಲೆಕ್ಕದಲ್ಲಿ ಮಧ್ಯಮ, ಪಂಚಮ, ಧೈವತದ ಮೇಲೆ ಕಟ್ಟಿದ ಕಾರ್ಡ್‌ಗಳು. ಇಲ್ಲಿಯವರೆಗೆ ಎಲ್ಲವೂ ಶಂಕರಾಭರಣದ ಸ್ವರಗಳೇ. ನಂತರ ಜಿ, ಅದರ ಬೆನ್ನಿಗೇ ಇ ಸೆವೆನ್, ಆಮೇಲೆ ಎ ಮೈನರ್. ಈ ಇ ಸೆವೆನ್‌ನಲ್ಲಿ ಶುದ್ಧ ಧೈವತ ಇದೆ, ಹಿಂದೂಸ್ತಾನಿಯವರ ಕೋಮಲ ಧ. ಇಡೀ ಚರಣದಲ್ಲಿ ಹೊರಗಿನಿಂದ ಬರುವ ಸ್ವರ ಇದೊಂದೇ, ಹಾಡಿನ ಎದೆ ನಡುಗುವುದು ಇಲ್ಲೇ. ಇದನ್ನು ಬಿಟ್ಟು ಜಿ ಕಾರ್ಡ್‌ನಲ್ಲೇ ಮುಂದುವರಿಯುವವರು ಬಹಳ ಮಂದಿ. ಹಾಗೆ ನುಡಿಸಿದರೆ ಪಲ್ಲವಿಗೆ ಹೋಗುವ ಮೆಟ್ಟಿಲೇ ಇಲ್ಲದಂತಾಗುತ್ತದೆ.

ಇದೇ ಕಾರಣಕ್ಕೆ ತಂಬೂರಿ ಆ್ಯಪ್ ಹಾಕಿಕೊಂಡು ಈ ಹಾಡು ಅಭ್ಯಾಸ ಮಾಡಬೇಡಿ. ತಂಬೂರಿಯ ಪಂಚಮ ಆ ಶುದ್ಧ ಧೈವತಕ್ಕೆ ಉಜ್ಜುತ್ತದೆ, ತಂಬೂರಿಯ ಷಡ್ಜವು ಇ ಸೆವೆನ್ ಕಾರ್ಡ್‌ನ ನಿಷಾದಕ್ಕೆ ತಾಗುತ್ತದೆ. ಕಿವಿ ‘ಅಪಸ್ವರ’ ಎನ್ನುತ್ತದೆ, ಗೊತ್ತಿಲ್ಲದೆ ಕಂಠ ಆ ಸ್ವರವನ್ನು ತಪ್ಪಿಸಲು ಶುರು ಮಾಡುತ್ತದೆ. ಶಾಸ್ತ್ರೀಯ ಸಂಗೀತ ಕಲಿತವರು ಇಲ್ಲಿ ಹೆಚ್ಚು ಎಡವುತ್ತಾರೆ. ನಾನು ಕೀಬೋರ್ಡ್‌ನಲ್ಲಿ ಕಾರ್ಡ್‌ಗಳನ್ನಷ್ಟೇ ಉದ್ದಕ್ಕೆ ಹಿಡಿದು, ‘ಎ ಮೈನರ್, ಎಫ್, ಜಿ, ಇ ಸೆವೆನ್, ಎ ಮೈನರ್’ ಎಂಬ ಭಾಗವನ್ನು ಮಾತ್ರ ದಿನಕ್ಕೆ 20 ಸಲದಂತೆ ಒಂದು ವಾರ ಹಾಡಿಕೊಂಡೆ.

ಶ್ರುತಿ ಗೊತ್ತು ಮಾಡಲು ಮೊದಲ ಸಾಲು ಹಾಡಿ ನೋಡಿದರೆ ಮೋಸ ಹೋಗುತ್ತೀರಿ. ಮೊದಲ ಸಾಲು ಗಾಂಧಾರ, ಪಂಚಮ, ಧೈವತಗಳ ನಡುವೆ ಸುಖವಾಗಿ ಓಡಾಡುತ್ತದೆ. ಕಾರ್ಡ್ ಹೆಸರುಗಳ ಸಾಲಿನಿಂದ ಮಟ್ಟು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಇ ಸೆವೆನ್ ಬರುವ ಹೊತ್ತಿಗೆ ಮೇಲಿನ ಗಾಂಧಾರ ಮುಟ್ಟುತ್ತದೆ. ಪಲ್ಲವಿ ಮುಗಿಯುವುದು ಕೆಳಗಿನ ಷಡ್ಜದಲ್ಲಿ. ಆದ್ದರಿಂದ ಮೇಲಿನ ಗಾಂಧಾರ ಕಿರುಚದೆ ಬರುವಷ್ಟು ಶ್ರುತಿ ಇಳಿಸಿ, ಕೆಳಗಿನ ಷಡ್ಜ ಕೇಳಿಸುತ್ತದೋ ಎಂದು ಪರೀಕ್ಷಿಸಿ. ಕೋಹೆನ್ ಹಾಡಿದ್ದು ಸಿ ಶ್ರುತಿಯಲ್ಲಿ. ಬಕ್ಲಿಯದೂ ಅದೇ ಶ್ರುತಿ, ಆದರೆ ಗಿಟಾರಿನ 5ನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಹಿಡಿಕೆ) ಹಾಕಿ ಜಿ ಹಿಡಿತಗಳನ್ನು ಬಳಸಿದ್ದಾರೆ. ಆಗ ಎ ಮೈನರ್ ಹಿಡಿತ ಇ ಮೈನರ್ ಆಗುತ್ತದೆ, ಇ ಸೆವೆನ್ ಹಿಡಿತ ಬಿ ಸೆವೆನ್ ಆಗುತ್ತದೆ. ಆ ಗಿಟಾರಿನ ಗಂಟೆಯಂಥ ನಾದಕ್ಕೆ ಕೇಪೊ ಒಂದು ದೊಡ್ಡ ಕಾರಣ. ನನಗೆ ಹೊಂದಿದ್ದು ಬಿ ಫ್ಲ್ಯಾಟ್, ಅಂದರೆ ಕೇಪೊ 3ನೇ ಫ್ರೆಟ್‌ನಲ್ಲಿ.

ಲಯ 12/8: ನಾಲ್ಕು ಎಣಿಕೆ, ಒಂದೊಂದಕ್ಕೂ ಮೂರು ಅಕ್ಷರ, ತಿಶ್ರ ನಡೆ. ತಬಲಾದವರಿಗೆ ಒಪ್ಪಿಸಿದರೆ ಕೈ ತಾನಾಗಿ ಆರು ಮಾತ್ರೆಯ ದಾದ್ರಾ ತಾಳಕ್ಕೆ ಹೋಗುತ್ತದೆ, ಹಾಡು ತೂಗುಯ್ಯಾಲೆಯಾಗಿ ಹಗುರಾಗುತ್ತದೆ. ಮೊದಲ ಎರಡು ಚರಣಕ್ಕೆ ತಾಳವಾದ್ಯವೇ ಬೇಡ. ಗಿಟಾರಿನ ತಂತಿ ಒಂದೊಂದಾಗಿ ಮೀಟಿದರೆ ಅಕ್ಷರಗಳು ಕೇಳಿಸುತ್ತವೆ, ಅಷ್ಟು ಸಾಕು.

ಪಲ್ಲವಿಯಲ್ಲಿ ಇರುವುದು ಒಂದೇ ಪದ, ನಾಲ್ಕು ಸಲ. ನಮ್ಮ ಚರ್ಚುಗಳಲ್ಲಿ ‘ಹಲ್ಲೆಲೂಯ’ ಎಂದು ಹೇಳುವ ರೂಢಿ ಇದೆ. ಆ ಒತ್ತಕ್ಷರವನ್ನು ಈ ಹಾಡಿಗೆ ತಂದರೆ ದನಿ ‘ಲ್ಲೆ’ ಮೇಲೆ ಮುಗ್ಗರಿಸುತ್ತದೆ, ಕನ್ನಡದ ಕಿವಿಗೆ ಮೊದಲು ‘ಹಲ್ಲೆ’ ಕೇಳಿಸುತ್ತದೆ. ಒಂಟಿ ‘ಲ’ ಹಿಡಿದು, ‘ಲೂ’ ಮೇಲೆ ಉಸಿರು ಬಿಡಿ. ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ, ನಾಲ್ಕನೆಯದು ಎಳೆದು ಷಡ್ಜಕ್ಕೆ ಬಂದು ಕೂರುತ್ತದೆ. ಮೊದಲ ಪಲ್ಲವಿಯಲ್ಲೇ ಪೂರ್ತಿ ದನಿ ಕೊಟ್ಟರೆ ಮುಂದಿನ ಮೂರಕ್ಕೆ ಏನೂ ಉಳಿಯುವುದಿಲ್ಲ. ನಾನು ಮೊದಲನೆಯದನ್ನು ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹಾಡಿ, ಮೂರನೆಯ ಚರಣದ ನಂತರ ಮಾತ್ರ ಗಂಟಲು ಬಿಚ್ಚುತ್ತೇನೆ. 2008ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿಯಲ್ಲಿ ಗಾಯಕಿ ಅಲೆಕ್ಸಾಂಡ್ರಾ ಬರ್ಕ್ ಅವರ ಭಾರಿ ಕವರ್ 1ನೇ ಸ್ಥಾನದಲ್ಲಿ, ಬಕ್ಲಿಯದು 2ನೇ ಸ್ಥಾನದಲ್ಲಿ, ಕೋಹೆನ್ ಮೂಲ 36ರಲ್ಲಿ ಒಟ್ಟಿಗೆ ಇದ್ದವು. ಮೂರನ್ನೂ ಒಂದೇ ಕೂತಲ್ಲಿ ಕೇಳಿ, ದನಿ ಎಲ್ಲಿ ಏರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ; ಯಾವ ಪಾಠಕ್ಕಿಂತಲೂ ಹೆಚ್ಚು ಕಲಿಯುತ್ತೀರಿ. ದೊಡ್ಡ ದನಿಯಲ್ಲೂ ಹಾಡು ಕೆಡಬೇಕಿಲ್ಲ ಎಂಬುದಕ್ಕೆ ಕೆನಡಾದ ಗಾಯಕಿ ಕೆ.ಡಿ. ಲ್ಯಾಂಗ್ ಇದ್ದಾರೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆಕೆ ಹಾಡಿದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ.

ಮುದ್ರಿಸಿ ಮಾರಲು ಹೊರಟರೆ ಭಾರತದ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಓದಿಕೊಳ್ಳಿ. ಮೂಲ ಮುದ್ರಣವಾಗಿ 5 ವರ್ಷ ದಾಟಿದ ಹಾಡಿಗೆ ಮೊದಲೇ ನೋಟಿಸ್ ಕೊಟ್ಟು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಿ ಕವರ್ ಮಾಡಬಹುದು. ಅದು ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೊಗೆ ಅನ್ವಯಿಸುವುದಿಲ್ಲ. ಸಾಹಿತ್ಯವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಕನ್ನಡದಲ್ಲಿ ಬರೆದು ಹಾಡುವ ಆಸೆಯಿದ್ದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಮೊದಲು ಕೈಗೆ ಬರಬೇಕು.